ಗಿಡಗಳ ಅಕ್ವೇರಿಯಂಗೆ ಸಿಓ2: ಯೀಸ್ಟ್ ಬಾಟಲಿಯೋ, ನಿಂಬೆ ಉಪ್ಪಿನ ಕಿಟ್ಟೋ, ಸಿಲಿಂಡರೋ? ಕೆಟ್ಟಾಗ ಎಲ್ಲಿ ನೋಡಬೇಕು?

ಗಿಡಗಳಿರುವ ಟ್ಯಾಂಕಿಗೆ ಇಂಗಾಲದ ಡೈಆಕ್ಸೈಡ್ (ಸಿಓ2) ಕೊಡಲು ಮನೆಯಲ್ಲಿ ಮೂರು ದಾರಿಗಳಿವೆ. ಸಕ್ಕರೆ ಮತ್ತು ಯೀಸ್ಟಿನ ಬಾಟಲಿ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಮತ್ತು ಅಡುಗೆ ಸೋಡಾದ ಜೋಡಿ ಬಾಟಲಿ, ರೆಗ್ಯುಲೇಟರ್ ಹಾಕಿದ ಸಿಲಿಂಡರ್. ಹೆಚ್ಚಿನವರು ಬೆಲೆ ನೋಡಿ ಆರಿಸುತ್ತಾರೆ. ನೋಡಬೇಕಾದ್ದು ಬೇರೆ ಎರಡು ವಿಷಯ: ಗ್ಯಾಸು ದಿನವೂ ಒಂದೇ ಮಟ್ಟದಲ್ಲಿ ಬರುತ್ತದೆಯೇ, ರಾತ್ರಿ ಅದನ್ನು ನಿಲ್ಲಿಸಲು ಆಗುತ್ತದೆಯೇ. ಒಂದು ವಾರ ಧಾರಾಳ, ಮುಂದಿನ ವಾರ ಬರ ಎನ್ನುವ ಟ್ಯಾಂಕಿನಲ್ಲಿ ಗಿಡ ಚಿಗುರುವುದಕ್ಕಿಂತ ಮೊದಲು ಎಲೆಯಂಚಿನಲ್ಲಿ ಕಪ್ಪು ಗಡ್ಡದಂಥ ಪಾಚಿ ಹುಟ್ಟುತ್ತದೆ. ಅಂಥ ಏರಿಳಿತಕ್ಕಿಂತ ಗ್ಯಾಸೇ ಇಲ್ಲದ ಟ್ಯಾಂಕ್ ಎಷ್ಟೋ ಮೇಲು.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ್ದು ನಿಮ್ಮ ಗಿಡಗಳಿಗೆ ಇದು ಬೇಕೇ ಎಂದು. ಅನೂಬಿಯಾಸ್, ಜಾವಾ ಫರ್ನ್, ಜಾವಾ ಮಾಸ್, ಸಾಮಾನ್ಯ ಕ್ರಿಪ್ಟೊಕೊರೈನ್‌ಗಳು ಮಂದ ಬೆಳಕಿನಲ್ಲಿ ಗ್ಯಾಸಿಲ್ಲದೆಯೇ ಬದುಕುತ್ತವೆ. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್ ಸ್ಪೈರಾಲಿಸ್ ಕೂಡ ಇದೇ ಗುಂಪಿನದು. ಅದೇ ಘಟ್ಟದ ರೊಟಾಲಾ ಮ್ಯಾಕ್ರಾಂಡ್ರಾ ಹಾಗಲ್ಲ. ಅದರ ಕೆಂಪು ಉಳಿಯಬೇಕಾದರೆ ಒಳ್ಳೆಯ ಬೆಳಕೂ ಬೇಕು, ಸಿಓ2 ಕೂಡ ಬೇಕು. ನೆಲಕ್ಕೆ ಹಬ್ಬುವ ಪುಟ್ಟ ಹುಲ್ಲಿನಂಥ ಗಿಡಗಳೂ ಹಾಗೆಯೇ. ಬೆಳಕು ಕಡಿಮೆಯಿಟ್ಟು ಗ್ಯಾಸು ಸುರಿದರೆ ಪ್ರಯೋಜನ ಅಲ್ಪ. ಬೆಳಕು ಜೋರಾಗಿಟ್ಟು ಗ್ಯಾಸು ಕಡಿಮೆ ಮಾಡಿದರೆ ಪಾಚಿ ಖಂಡಿತ.

ಗ್ಯಾಸಿನ ಲೆಕ್ಕ

200 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 100 ಗ್ರಾಂ ಸಿಓ2 ಬರುತ್ತದೆ. ಕೋಣೆಯ ತಾಪಮಾನದಲ್ಲಿ ಇದು 57 ಲೀಟರ್ ಗ್ಯಾಸು. 200 ಗ್ರಾಂ ಅಡುಗೆ ಸೋಡಾ ಆಮ್ಲದೊಂದಿಗೆ ಪೂರ್ತಿ ವರ್ತಿಸಿದರೂ ಬರುವುದು ಹೆಚ್ಚುಕಡಿಮೆ ಅಷ್ಟೇ, 58 ಲೀಟರ್. ಹಾಗಿದ್ದೂ ಯೀಸ್ಟ್ ಬಾಟಲಿ ಎರಡು ವಾರಕ್ಕೆ ಮುಗಿದರೆ, ಸೋಡಾ ಕಿಟ್ ಮೂರರಿಂದ ಐದು ವಾರ ಬರುತ್ತದೆ. ಕಾರಣ ರಾತ್ರಿ. ಗುಳ್ಳೆ ಎಣಿಸಲು ದಾರಿಯಲ್ಲಿ ಹಾಕುವ ಬಬಲ್ ಕೌಂಟರಿನ ಒಂದು ಗುಳ್ಳೆ ಸುಮಾರು 0.05 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಗುಳ್ಳೆಯಂತೆ 24 ಗಂಟೆ ಬಿಟ್ಟರೆ ದಿನಕ್ಕೆ 4.3 ಲೀಟರ್ ಖರ್ಚು. 8 ಗಂಟೆ ಮಾತ್ರ ಬಿಟ್ಟರೆ ಒಂದೂವರೆ ಲೀಟರಿಗಿಂತ ಕಡಿಮೆ. ಯೀಸ್ಟನ್ನು ನಿಲ್ಲಿಸಲಾಗದು, ಸೋಡಾ ಕಿಟ್ಟನ್ನು ನಿಲ್ಲಿಸಬಹುದು.

ಈ ಲೆಕ್ಕದ ಮೇಲೆ ನಮ್ಮ ಸಲಹೆ ಇಷ್ಟು: 40 ಲೀಟರಿನೊಳಗಿನ ಟ್ಯಾಂಕಿಗೆ ಯೀಸ್ಟ್ ಸಾಕು. 40ರಿಂದ 120 ಲೀಟರಿನವರೆಗೆ ನಿಂಬೆ ಉಪ್ಪಿನ ಕಿಟ್. ಅದಕ್ಕೂ ಮೇಲಿನದಕ್ಕೆ ಸಿಲಿಂಡರ್. ದೊಡ್ಡ ಟ್ಯಾಂಕಿಗೆ ನಾಲ್ಕೈದು ಯೀಸ್ಟ್ ಬಾಟಲಿ ಜೋಡಿಸುವುದು ಸಾಧ್ಯ, ಆದರೆ ವಾರವಾರ ಅವುಗಳ ಚಾಕರಿಯೇ ಆಗುತ್ತದೆ. ವಿನೆಗರ್ ಮತ್ತು ಸೋಡಾದ ಉಪಾಯವನ್ನು ಬಿಟ್ಟೇಬಿಡಿ. ಶೇ 5ರ ವಿನೆಗರ್ ಒಂದು ಲೀಟರಿಗೆ ಹುಟ್ಟುವುದು ಸುಮಾರು 20 ಲೀಟರ್ ಗ್ಯಾಸಷ್ಟೇ, ಹುಟ್ಟಿದ್ದೂ ನಿಮಿಷಗಳಲ್ಲಿ ಮುಗಿಯುತ್ತದೆ.

ಯೀಸ್ಟ್ ಬಾಟಲಿ

2 ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಗೆ 200 ಗ್ರಾಂ ಸಕ್ಕರೆ, ಒಂದು ಲೀಟರ್ ಕುಡಿಯುವ ನೀರು, ಕಾಲು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಹುಳಿ ಹೆಚ್ಚದಿರಲು ಕಾಲು ಟೀ ಚಮಚ ಅಡುಗೆ ಸೋಡಾ. ಬೆಲ್ಲವೂ ಕೆಲಸ ಮಾಡುತ್ತದೆ, ಆದರೆ ನೊರೆ ವಿಪರೀತ. ಬಾಟಲಿಯ ಮೇಲ್ಭಾಗ ಕಾಲುಪಾಲಾದರೂ ಖಾಲಿಯಿರಲಿ. ಮಿನರಲ್ ವಾಟರ್ ಬಾಟಲಿ ತೆಳು, ಒತ್ತಡಕ್ಕೆ ಉಬ್ಬುತ್ತದೆ. ಗಾಜಿನ ಬಾಟಲಿ ಸಿಡಿದರೆ ಅನಾಹುತ, ಅದನ್ನು ಮುಟ್ಟಲೇಬೇಡಿ.

ಯೀಸ್ಟ್ ಜಾಸ್ತಿ ಹಾಕಿದರೆ ಗ್ಯಾಸು ಜಾಸ್ತಿ ಬರುತ್ತದೆಂದು ಒಂದು ಚಮಚ ತುಂಬ ಸುರಿಯುವವರಿದ್ದಾರೆ. ಒಟ್ಟು ಗ್ಯಾಸು ಸಕ್ಕರೆಯಿಂದ ಬರುತ್ತದೆ, ಯೀಸ್ಟಿನ ಅಳತೆ ವೇಗವನ್ನಷ್ಟೇ ನಿರ್ಧರಿಸುತ್ತದೆ. ಚಮಚ ತುಂಬ ಹಾಕಿದರೆ ಎರಡು ದಿನ ಮೀನು ಉಸಿರುಗಟ್ಟುವಷ್ಟು ಬಂದು, ಐದನೆಯ ದಿನಕ್ಕೆ ತಣ್ಣಗಾಗುತ್ತದೆ. ಮಂಗಳೂರು, ಕಾರವಾರದ ಸೆಕೆಗೆ ಅಥವಾ ಕಲಬುರಗಿಯ ಬೇಸಿಗೆಗೆ ಕಾಲು ಚಮಚದ ಅರ್ಧ ಸಾಕು. ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ಅರ್ಧ ಚಮಚ ಹಾಕಿ. 20 ಡಿಗ್ರಿಗಿಂತ ಕೆಳಗೆ ಯೀಸ್ಟ್ ಮಂಕಾಗುತ್ತದೆ, 40 ಡಿಗ್ರಿ ದಾಟಿದರೆ ಬಳಲುತ್ತದೆ. ಕುದಿದ ನೀರು ಆರುವ ಮೊದಲೇ ಯೀಸ್ಟ್ ಹಾಕಿದರೆ ಅಲ್ಲಿಗೇ ಸತ್ತಿತು. ನೀರು ಮುಟ್ಟಿದರೆ ಉಗುರುಬೆಚ್ಚಗಿರಬೇಕು, ಅಷ್ಟೇ.

ಮೊದಲ 12ರಿಂದ 24 ಗಂಟೆ ಗುಳ್ಳೆ ಬರದಿದ್ದರೆ ಗಾಬರಿ ಬೇಡ. ಅದಾದ ಮೇಲೂ ಬರದಿದ್ದರೆ ಬಾಟಲಿಯೊಳಗೆ ನೋಡಿ. ನೀರಿನ ಮೇಲೆ ನೊರೆಯ ಪದರವಿದ್ದು, ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಯೀಸ್ಟ್ ಜೀವಂತವಾಗಿದೆ, ಗ್ಯಾಸು ದಾರಿಯಲ್ಲಿ ಸೋರುತ್ತಿದೆ. ನೀರು ಸ್ತಬ್ಧವಾಗಿದ್ದರೆ ಯೀಸ್ಟೇ ಹೋಗಿದೆ. ಹಳೆಯ ಪೊಟ್ಟಣವೆಂಬ ಅನುಮಾನವಿದ್ದರೆ ಅರ್ಧ ಲೋಟ ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಒಂದು ಚಿಟಿಕೆ ಯೀಸ್ಟ್ ಹಾಕಿ ಕಾಲು ಗಂಟೆ ಬಿಡಿ. ನೊರೆ ಏಳದಿದ್ದರೆ ಹೊಸದು ತನ್ನಿ.

ಸೋರಿಕೆ ಹತ್ತಕ್ಕೆ ಎಂಟು ಸಲ ಮುಚ್ಚಳದ ತೂತಿನಲ್ಲೇ. ಬಾಟಲಿಯ ಮುಚ್ಚಳ ಅಂಟು ಹಿಡಿಯದ ಜಾತಿಯ ಪ್ಲಾಸ್ಟಿಕ್. ಫೆವಿಕ್ವಿಕ್, ಎಂಸೀಲ್, ಸಿಲಿಕೋನ್ ಯಾವುದನ್ನು ಬಳಿದರೂ ಮೊದಲ ದಿನ ಭದ್ರವಾಗಿ ಕಂಡು, ಟ್ಯೂಬ್ ಒಮ್ಮೆ ಅಲುಗಾಡಿದಾಗ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಅಂಟಿನ ಬದಲು ಬಿಗಿತವನ್ನು ನಂಬಿ. ಟ್ಯೂಬಿನ ಹೊರವ್ಯಾಸಕ್ಕಿಂತ ಒಂದು ಮಿಲಿಮೀಟರ್ ಚಿಕ್ಕ ತೂತು ಕೊರೆದು, ಟ್ಯೂಬಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಒಳಗಿನಿಂದ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಇದಕ್ಕಿಂತಲೂ ಒಳ್ಳೆಯದು ಹನಿ ನೀರಾವರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ರಬ್ಬರ್ ಗ್ರೊಮೆಟ್ (ತೂತಿಗೆ ಕೂರಿಸುವ ಉಂಗುರ) ಮತ್ತು ಕನೆಕ್ಟರ್. ಯೀಸ್ಟ್ ಬಾಟಲಿಗೆ ಬೇಕಾದ ಒತ್ತಡ ತೀರಾ ಕಡಿಮೆ, 40 ಸೆಂಟಿಮೀಟರ್ ಆಳಕ್ಕೆ ಗಾಳಿ ನೂಕಲು 0.04 ಬಾರ್ ಸಾಕು. ಅದಕ್ಕೇ ಸೂಜಿಮೊನೆಯಷ್ಟು ಸಂದಿಯಿದ್ದರೂ ಗ್ಯಾಸೆಲ್ಲ ಅತ್ತ ಹೋಗುತ್ತದೆ. ಸೋಪಿನ ನೊರೆಯನ್ನು ಮುಚ್ಚಳದ ಸುತ್ತ, ಪ್ರತಿ ಜೋಡಣೆಯ ಮೇಲೆ ಹಚ್ಚಿದರೆ ಎಲ್ಲಿ ಗುಳ್ಳೆ ಉಬ್ಬುತ್ತದೋ ಅಲ್ಲಿದೆ ರೋಗ.

ಮೆಡಿಕಲ್ ಸ್ಟೋರಿನ ಗ್ಲೂಕೋಸ್ ಡ್ರಿಪ್ ಸೆಟ್ ಯೀಸ್ಟಿಗೆ ಅನುಕೂಲ. ಅದರ ಹನಿ ಬೀಳುವ ಚೇಂಬರಿಗೆ ಅರ್ಧ ನೀರು ತುಂಬಿ, ಗ್ಯಾಸು ನೀರಿನಡಿಯಿಂದ ಬರುವಂತೆ ಜೋಡಿಸಿದರೆ ಬಬಲ್ ಕೌಂಟರ್ ಸಿದ್ಧ. ಅದರ ಉರುಳೆ ಕ್ಲಾಂಪನ್ನು ಮಾತ್ರ ತೆಗೆದುಹಾಕಿ. ಯೀಸ್ಟ್ ಬಾಟಲಿಯ ದಾರಿಗೆ ಯಾವ ಬಗೆಯ ವಾಲ್ವನ್ನೂ ಮುಚ್ಚಬಾರದು. ಗ್ಯಾಸು ಹುಟ್ಟುತ್ತಲೇ ಇರುತ್ತದೆ, ಒಂದೋ ಟ್ಯೂಬ್ ಕಿತ್ತುಬರುತ್ತದೆ, ಇಲ್ಲವೇ ಬಾಟಲಿ ಸಿಡಿದು ಗೋಡೆಯೆಲ್ಲ ಹುಳಿ ಸಕ್ಕರೆ ನೀರು. ಇದೇ ಕಾರಣಕ್ಕೆ ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಗಟ್ಟಿ ಸೆರಾಮಿಕ್ ಡಿಫ್ಯೂಸರ್ ಕೂಡ ಯೀಸ್ಟಿಗೆ ಒಗ್ಗದು. ಅದರ ರಂಧ್ರಗಳಿಂದ ಗ್ಯಾಸು ಹೊರಡಲು ಒತ್ತಡ ಏರಬೇಕು, ಏರುವಷ್ಟರಲ್ಲಿ ಮುಚ್ಚಳ ಸೋರುತ್ತದೆ. ಮರದ ಏರ್‌ಸ್ಟೋನ್ ಹಾಕಿ, ಅಥವಾ ಟ್ಯೂಬನ್ನು ನೇರ ಒಳಗಿನ ಫಿಲ್ಟರಿನ ಬಾಯಿಗೆ ಕೊಡಿ. ಅದರೊಳಗೆ ತಿರುಗುವ ರೆಕ್ಕೆ (ಇಂಪೆಲ್ಲರ್) ಗುಳ್ಳೆಯನ್ನು ಪುಡಿಮಾಡಿ ಕರಗಿಸುತ್ತದೆ.

ಮುಖ್ಯ ಬಾಟಲಿಗೂ ಟ್ಯಾಂಕಿಗೂ ನಡುವೆ ಅರ್ಧ ನೀರು ತುಂಬಿದ ಇನ್ನೊಂದು ಚಿಕ್ಕ ಬಾಟಲಿ ಇರಲೇಬೇಕು. ನೊರೆ, ಯೀಸ್ಟ್ ರಸ ಅಲ್ಲಿಯೇ ನಿಲ್ಲುತ್ತದೆ. ಏರ್‌ಸ್ಟೋನಿನ ಮೇಲೆ ಬಿಳಿ ಲೋಳೆ ಕಟ್ಟುತ್ತಿದ್ದರೆ ಈ ಬಾಟಲಿ ಇಲ್ಲ, ಅಥವಾ ಅದರ ನೀರು ಬದಲಿಸಿ ಬಹಳ ದಿನವಾಗಿದೆ ಎಂದರ್ಥ. ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಕೂಡ ಬೇಕು. ರಾತ್ರಿ ತಂಪಿಗೆ ಬಾಟಲಿಯ ಗಾಳಿ ಕುಗ್ಗಿದಾಗ ಟ್ಯಾಂಕಿನ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ನೆಲಕ್ಕೆ ಸುರಿಯುವುದನ್ನು ಅದು ತಡೆಯುತ್ತದೆ.

ಹತ್ತನೆಯ ದಿನದ ಹೊತ್ತಿಗೆ ಗುಳ್ಳೆ ಇಳಿಯುವುದು ಯೀಸ್ಟಿನ ಸ್ವಭಾವ. ಸಕ್ಕರೆ ಉಳಿದಿದ್ದರೂ, ತಾನೇ ಹುಟ್ಟಿಸಿದ ಆಲ್ಕೋಹಾಲಿನಲ್ಲಿ ಬೇಕರಿ ಯೀಸ್ಟ್ ಸುಸ್ತಾಗುತ್ತದೆ. ಒಂದು ಲೀಟರಿಗೆ 200 ಗ್ರಾಂಗಿಂತ ಹೆಚ್ಚು ಸಕ್ಕರೆ ಹಾಕಿದರೆ ವ್ಯರ್ಥವಾಗುವುದು ಇದೇ ಕಾರಣಕ್ಕೆ. ಮಟ್ಟ ಸಮವಾಗಿರಬೇಕಾದರೆ ಎರಡು ಬಾಟಲಿಗಳನ್ನು ಒಂದೇ ನಡುಬಾಟಲಿಗೆ ಜೋಡಿಸಿ, ವಾರಕ್ಕೊಂದರಂತೆ ಬದಲಿಸಿ. ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಸಕ್ಕರೆಯನ್ನು ಚೈನಾ ಗ್ರಾಸಿನೊಂದಿಗೆ ಕುದಿಸಿ ಬಾಟಲಿಯ ತಳದಲ್ಲಿ ಹೆಪ್ಪುಗಟ್ಟಿಸಿ, ಮೇಲೆ ಯೀಸ್ಟ್ ನೀರು ಹಾಕುವ ವಿಧಾನವೂ ಇದೆ. ಯೀಸ್ಟಿಗೆ ಸಕ್ಕರೆ ಸ್ವಲ್ಪಸ್ವಲ್ಪವೇ ಸಿಗುವುದರಿಂದ ಹರಿವು ನಿಧಾನ, ಆದರೆ ದೀರ್ಘ.

ನಿಂಬೆ ಉಪ್ಪು ಮತ್ತು ಅಡುಗೆ ಸೋಡಾ

ಮಧ್ಯಮ ಟ್ಯಾಂಕಿಗೆ ನಾವು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಒತ್ತಡ ತೋರಿಸುವ ಗೇಜ್, ಹರಿವನ್ನು ಸೂಕ್ಷ್ಮವಾಗಿ ಹೊಂದಿಸುವ ನೀಡಲ್ ವಾಲ್ವ್ ಇರುವ ಜೋಡಿ ಮುಚ್ಚಳದ ಕಿಟ್ ಕೊಂಡರೆ ಬಾಟಲಿಗಳು ನಿಮ್ಮವೇ. ಒಂದರಲ್ಲಿ ನಿಂಬೆ ಉಪ್ಪಿನ ದ್ರಾವಣ, ಇನ್ನೊಂದರಲ್ಲಿ ಸೋಡಾ. ಎರಡೂ ಒಂದೇ ಅಳತೆಯ ಕೂಲ್‌ಡ್ರಿಂಕ್ಸ್ ಬಾಟಲಿಗಳಾಗಿರಲಿ.

ಕಿಟ್ಟಿನ ಚೀಟಿಯಲ್ಲಿ ಸಾಮಾನ್ಯವಾಗಿ 200 ಗ್ರಾಂ ಆಮ್ಲ, 200 ಗ್ರಾಂ ಸೋಡಾ ಎಂದಿರುತ್ತದೆ. ಇದರಲ್ಲೊಂದು ಕೊರತೆಯಿದೆ. 200 ಗ್ರಾಂ ಸೋಡಾದೊಂದಿಗೆ ಪೂರ್ತಿ ವರ್ತಿಸಲು ಬೇಕಾದ ನಿಂಬೆ ಉಪ್ಪು 152 ಗ್ರಾಂ, ಹರಳಿನಲ್ಲಿ ನೀರಿನಂಶ ಇರುವ ಬಗೆಯಾದರೆ 167 ಗ್ರಾಂ. ಉಳಿದ ಆಮ್ಲಕ್ಕೆ ಸೋಡಾ ಇಲ್ಲ. ಸೋಡಾ ಮುಗಿದ ಮೇಲೂ ಆಮ್ಲ ಆ ಬಾಟಲಿಗೆ ಹರಿದು ಮಟ್ಟ ಏರುತ್ತದೆ, ಕೊನೆಗೆ ಹುಳಿ ನೀರು ಟ್ಯಾಂಕಿನ ಟ್ಯೂಬಿಗೆ ಹತ್ತುವ ಅಪಾಯ. ಯಾವಾಗಲೂ ಆಮ್ಲವೇ ಮೊದಲು ಮುಗಿಯಬೇಕು. 200 ಗ್ರಾಂ ಸೋಡಾಕ್ಕೆ 150 ಗ್ರಾಂ ನಿಂಬೆ ಉಪ್ಪು ಹಾಕಿ, ಚಿಂತೆಯಿಲ್ಲ.

ನಿಂಬೆ ಉಪ್ಪನ್ನು 300 ಮಿಲಿಲೀಟರ್ ಬಿಸಿನೀರಿನಲ್ಲಿ ಒಂದು ಹರಳೂ ಉಳಿಯದಂತೆ ಕರಗಿಸಿ, ಆರಿಸಿ, ಬಾಟಲಿಗೆ ಹಾಕಿ. ಕರಗದ ಹರಳು ಟ್ಯೂಬಿನ ಬಾಯಿ ಮುಚ್ಚುತ್ತದೆ. ಸೋಡಾ ಬಾಟಲಿಗೆ 100 ಮಿಲಿಲೀಟರ್ ನೀರು ಹಾಕಿ ಚೆನ್ನಾಗಿ ಅಲುಗಿಸಿ. ಒಣ ಪುಡಿಯ ಮೇಲೆ ಆಮ್ಲ ಬಿದ್ದರೆ ಮೇಲೆ ಗಟ್ಟಿ ಪದರ ಕಟ್ಟಿ, ಅಡಿಯ ಸೋಡಾ ಹಾಗೇ ಉಳಿಯುತ್ತದೆ. ಕೊಳ್ಳುವಾಗ ಪೊಟ್ಟಣ ಓದಿ: ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಪಿಷ್ಟವೂ ಆಮ್ಲವೂ ಬೆರೆತಿರುತ್ತದೆ. ಬಟ್ಟೆ ಒಗೆಯುವ ಸೋಡಾವೂ ಬೇಡ.

ಮುಚ್ಚಳಗಳನ್ನು ಬಿಗಿದು, ನೀಡಲ್ ವಾಲ್ವ್ ಮುಚ್ಚಿ, ಆಮ್ಲದ ಬಾಟಲಿಯನ್ನು ಒಮ್ಮೆ ಹಿಂಡಿ. ಒಂದಿಷ್ಟು ಆಮ್ಲ ಸೋಡಾದ ಮೇಲೆ ಬಿದ್ದು ಗೇಜಿನ ಮುಳ್ಳು ಏರುತ್ತದೆ. ಎರಡೂ ಬಾಟಲಿಗಳ ಒತ್ತಡ ಸಮವಾದಾಗ ಆಮ್ಲ ನಿಲ್ಲುತ್ತದೆ. ವಾಲ್ವ್ ತೆರೆದು ಸೋಡಾ ಬಾಟಲಿಯ ಒತ್ತಡ ಇಳಿದಾಗ, ಆಮ್ಲದ ಬಾಟಲಿಯ ಒತ್ತಡವೇ ಇನ್ನಷ್ಟು ಆಮ್ಲವನ್ನು ನೂಕುತ್ತದೆ. ಮುಳ್ಳು 1ರಿಂದ 2 ಬಾರ್ ನಡುವೆ ಇದ್ದರೆ ಸರಿ.

ಈ ತಕ್ಕಡಿಯಂಥ ಏರ್ಪಾಟು ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. ಬೆಳಿಗ್ಗೆ ಮುಳ್ಳು ಸೊನ್ನೆಯಲ್ಲಿದೆ ಎಂದಿಟ್ಟುಕೊಳ್ಳಿ. ಮೊದಲು ಆಮ್ಲದ ಬಾಟಲಿ ನೋಡಿ. ಅದು ಖಾಲಿಯಾಗಿದ್ದರೆ ಸೋರಿಕೆ ಸೋಡಾದ ಕಡೆ: ಆ ಮುಚ್ಚಳ, ಗೇಜಿನ ಬುಡ, ನೀಡಲ್ ವಾಲ್ವ್ ಅಥವಾ ಟ್ಯಾಂಕಿನತ್ತ ಹೋಗುವ ಜೋಡಣೆ. ಅಲ್ಲಿ ಒತ್ತಡ ಇಳಿಯುತ್ತಲೇ ಇದ್ದುದರಿಂದ ರಾತ್ರಿಯಿಡೀ ಆಮ್ಲ ಹರಿದು ಮುಗಿದಿದೆ. ಆಮ್ಲ ಇದ್ದಷ್ಟೇ ಇದ್ದು ಮುಳ್ಳು ಬಿದ್ದಿದ್ದರೆ ಆಮ್ಲದ ಬಾಟಲಿಯೇ ಸೋರುತ್ತಿದೆ, ಅದಕ್ಕೆ ನೂಕುವ ಬಲ ಉಳಿದಿಲ್ಲ. ಎರಡೂ ಅಲ್ಲದೆ, ಹಿಂಡಿದಾಗಲೂ ಆಮ್ಲ ಹರಿಯದಿದ್ದರೆ ಒಳಗಿನ ಟ್ಯೂಬ್ ಬಾಟಲಿಯ ತಳ ಮುಟ್ಟುತ್ತಿಲ್ಲ, ಇಲ್ಲವೇ ಚೆಕ್ ವಾಲ್ವ್ ತಿರುವುಮುರುವಾಗಿದೆ. ಆ ವಾಲ್ವನ್ನು ಬಾಯಿಯಿಂದ ಊದಿ ನೋಡಿ, ಒಂದೇ ದಿಕ್ಕಿಗೆ ಗಾಳಿ ಹೋಗಬೇಕು. ಪ್ಲಾಸ್ಟಿಕ್ ಚೆಕ್ ವಾಲ್ವ್‌ಗಳ ರಬ್ಬರ್ ಕಾಲಕ್ರಮೇಣ ಪೆಡಸಾಗುತ್ತದೆ, ಒಂದು ಹೆಚ್ಚುವರಿ ಇಟ್ಟುಕೊಂಡಿರಿ.

ಮುಳ್ಳು 3 ದಾಟಿ ಏರುತ್ತಿದ್ದರೆ ಬಾಟಲಿ ಅಲುಗಿಸಬೇಡಿ. ನೀಡಲ್ ವಾಲ್ವ್ ನಿಧಾನಕ್ಕೆ ತೆರೆದು, ಟ್ಯೂಬನ್ನು ಟ್ಯಾಂಕಿನಿಂದ ಹೊರಗಿಟ್ಟು ಗ್ಯಾಸು ಬಿಡಿ. ಇದು ಆಗುವುದು ಹೆಚ್ಚಾಗಿ ಗಂಟುಕಟ್ಟಿದ ಸೋಡಾದ ಮೇಲೆ ಆಮ್ಲ ನಿಂತು, ಯಾರೋ ಅಲುಗಿಸಿದಾಗ ಒಮ್ಮೆಲೇ ಬೆರೆತು. ಪ್ಲಾಸ್ಟಿಕ್ ಬಾಟಲಿಯಲ್ಲಿ ಆಮ್ಲ, ಸೋಡಾ ಎರಡನ್ನೂ ಒಟ್ಟಿಗೆ ಹಾಕಿ ಮುಚ್ಚಳ ಬಿಗಿಯುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. 58 ಲೀಟರ್ ಗ್ಯಾಸು 2 ಲೀಟರ್ ಜಾಗದಲ್ಲಿ ಹುಟ್ಟಿದರೆ ಒತ್ತಡ 25 ಬಾರ್ ದಾಟುತ್ತದೆ, ಆ ಬಾಟಲಿ ಅದನ್ನು ತಡೆಯದು. ಒಟ್ಟಿಗೆ ಬೆರೆಸಬಹುದಾದದ್ದು ಅದಕ್ಕೆಂದೇ ಮಾಡಿದ, ಸುರಕ್ಷತಾ ವಾಲ್ವ್ ಇರುವ ಲೋಹದ ಜನರೇಟರಿನಲ್ಲಿ ಮಾತ್ರ. ಅದರ ಅಳತೆಯನ್ನು ತಯಾರಕರು ಕೊಟ್ಟಂತೆಯೇ ಪಾಲಿಸಬೇಕು.

ಹೊಸ ಮಿಶ್ರಣದ ಮೊದಲ ದಿನ ಗುಳ್ಳೆಯ ಲೆಕ್ಕ ತಪ್ಪುತ್ತಿರುತ್ತದೆ. ನೀಡಲ್ ವಾಲ್ವನ್ನು ಎರಡು ಮೂರು ಸಲ ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಬೇಕು. ವಾರಗಳ ನಂತರವೂ ನಿಲ್ಲದಿದ್ದರೆ ವಾಲ್ವಿನೊಳಗೆ ಉಪ್ಪು ಕಟ್ಟಿರಬಹುದು. ಬಿಚ್ಚಿ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಒಣಗಿಸಿ ಹಾಕಿ. ಸೋಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಮತ್ತು ಟೈಮರ್ ಸೇರಿಸಿದರೆ ರಾತ್ರಿಯ ಚಿಂತೆ ತಪ್ಪುತ್ತದೆ. ಲೈಟಿಗೆ ಒಂದು ಗಂಟೆ ಮೊದಲು ತೆರೆದು, ಲೈಟ್ ಆರುವ ಒಂದು ಗಂಟೆ ಮೊದಲು ಮುಚ್ಚುವಂತಿರಲಿ.

ಸಿಲಿಂಡರ್

ದುಡ್ಡು ಮೊದಲೇ ಹೆಚ್ಚು ಬೇಕು, ನಂತರದ ಕೆಲಸ ಬಹಳ ಕಡಿಮೆ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. 25 ಡಿಗ್ರಿಯಲ್ಲಿ ಒಳಗಿನ ಒತ್ತಡ 64 ಬಾರಿನಷ್ಟು. ಒಳಗೆ ದ್ರವ ಇರುವವರೆಗೂ ಗೇಜ್ ಅಲ್ಲಾಡುವುದಿಲ್ಲ, ಆದ್ದರಿಂದ ಎಷ್ಟು ಉಳಿದಿದೆ ಎಂದು ತೂಕ ಮಾಡಿ ತಿಳಿಯಬೇಕು. ಗೇಜ್ ಇಳಿಯಲು ಶುರುವಾದರೆ ಮುಗಿಯುತ್ತಾ ಬಂತು. ಅಗ್ಗದ ಒಂದೇ ಹಂತದ ರೆಗ್ಯುಲೇಟರಿನಲ್ಲಿ ಆ ಹೊತ್ತಿಗೆ ಹೊರಹರಿವು ತಾನಾಗಿ ಏರಿ ಮೀನುಗಳು ಸಾಯುವುದುಂಟು, ಆಗಲೇ ತುಂಬಿಸಿಕೊಳ್ಳಿ. ಹಳೆಯ ಅಗ್ನಿಶಾಮಕವನ್ನು ಬದಲಾಯಿಸಿ ಬಳಸುವ ಸಾಹಸ ಬೇಡ, ಪರೀಕ್ಷೆಯ ಮುದ್ರೆ ಚಾಲ್ತಿಯಲ್ಲಿರುವ ಸಿಲಿಂಡರನ್ನೇ ಕೊಳ್ಳಿ. 2 ಕೆಜಿ ಪೂರ್ತಿ ಸೋರಿದರೆ 1,100 ಲೀಟರ್ ಗ್ಯಾಸು. ಹತ್ತಡಿ ಎತ್ತರದ, 10×10 ಅಡಿಯ ಮುಚ್ಚಿದ ಕೋಣೆಯ ಗಾಳಿಯಲ್ಲಿ ಅದು ಶೇ 4ರಷ್ಟಾಗುತ್ತದೆ, ಮನುಷ್ಯರಿಗೇ ಅಪಾಯ. ಮಲಗುವ ಕೋಣೆಯಲ್ಲಿ ಇಡಬೇಡಿ.

ಗುಳ್ಳೆ ಬರುತ್ತಿದೆ, ಗಿಡ ಚಿಗುರುತ್ತಿಲ್ಲ

ಮೂರಕ್ಕೂ ಇದು ಸಮಾನ. ಗ್ಯಾಸು ಹುಟ್ಟುವುದು ಬೇರೆ, ಕರಗುವುದು ಬೇರೆ. ದೊಡ್ಡ ಗುಳ್ಳೆಗಳು ನೇರ ಮೇಲೆದ್ದು ಒಡೆಯುತ್ತಿದ್ದರೆ ನೀರಿಗೆ ಸಿಕ್ಕಿದ್ದು ಸ್ವಲ್ಪವೇ. ಡಿಫ್ಯೂಸರನ್ನು ಟ್ಯಾಂಕಿನ ತಳದ ಹತ್ತಿರ, ಫಿಲ್ಟರಿನ ಹರಿವು ಗುಳ್ಳೆಗಳನ್ನು ಗಿಡಗಳತ್ತ ಒಯ್ಯುವ ಕಡೆ ಇಡಿ. ಹಿಂಬದಿಗೆ ನೇತುಹಾಕುವ ಫಿಲ್ಟರಿನ ನೀರು ಜಲಪಾತದಂತೆ ಧುಮುಕುತ್ತಿದ್ದರೆ ಕರಗಿದ್ದೂ ಹಾರಿಹೋಗುತ್ತದೆ. ನೀರಿನ ಮಟ್ಟ ಏರಿಸಿ, ಧುಮುಕುವ ಎತ್ತರ ತಗ್ಗಿಸಿ. ಮೆತ್ತನೆಯ ಸಿಲಿಕೋನ್ ಟ್ಯೂಬಿನ ಗೋಡೆಯ ಮೂಲಕವೇ ಸಿಓ2 ನುಸುಳುತ್ತದೆ, ಮೀಟರುಗಟ್ಟಲೆ ಉದ್ದದ ದಾರಿಗೆ 4×6 ಮಿಲಿಮೀಟರಿನ (ಒಳವ್ಯಾಸ 4, ಹೊರವ್ಯಾಸ 6) ಪಿಯು, ಅಂದರೆ ಪಾಲಿಯುರೆಥೇನ್ ಟ್ಯೂಬ್ ಹಾಕಿ.

ಗುಳ್ಳೆ ಎಣಿಕೆ ಅಂದಾಜು ಮಾತ್ರ, ನಿಜ ಹೇಳುವುದು ಡ್ರಾಪ್ ಚೆಕರ್, ಅಂದರೆ ಟ್ಯಾಂಕಿನೊಳಗೆ ಅಂಟಿಸುವ, ಬಣ್ಣ ಬದಲಿಸುವ ದ್ರಾವಣದ ಪುಟ್ಟ ಬುರುಡೆ. ಅದರೊಳಗೆ 4 ಡಿಗ್ರಿ ಕಾರ್ಬೊನೇಟ್ ಗಡಸುತನದ, ಅಂದರೆ 4 ಡಿಗ್ರಿ ಕೆಎಚ್‌ನ ದ್ರಾವಣವೇ ಇರಬೇಕು, ಟ್ಯಾಂಕಿನ ನೀರು ತುಂಬಿದರೆ ಬಣ್ಣಕ್ಕೆ ಅರ್ಥವಿಲ್ಲ. ನೀಲಿಯೆಂದರೆ ಕಡಿಮೆ, ಹಸಿರೆಂದರೆ ಸುಮಾರು 30 ಪಿಪಿಎಂ (ಲೀಟರಿಗೆ 30 ಮಿಲಿಗ್ರಾಂ), ಹಳದಿಯೆಂದರೆ ಮೀನಿಗೆ ಅಪಾಯ. ಬಣ್ಣ ತಿರುಗಲು ಒಂದೆರಡು ಗಂಟೆ ಬೇಕು, ಹಾಗಾಗಿ ವಾಲ್ವ್ ತಿರುಗಿಸಿ ಹತ್ತೇ ನಿಮಿಷದಲ್ಲಿ ಮತ್ತೆ ತಿರುಗಿಸಬೇಡಿ. ಪಿಎಚ್ ಅಳೆಯಲು ಬಂದರೆ ಇನ್ನೊಂದು ದಾರಿಯಿದೆ. ಟ್ಯಾಂಕಿನ ಒಂದು ಲೋಟ ನೀರನ್ನು ಒಂದು ದಿನ ತೆರೆದಿಟ್ಟು ಪಿಎಚ್ ನೋಡಿ, ಗ್ಯಾಸು ಬಿಟ್ಟ ಟ್ಯಾಂಕಿನದು ಅದಕ್ಕಿಂತ ಒಂದು ಅಂಕ ಇಳಿದಿದ್ದರೆ ಸಿಓ2 ಹತ್ತು ಪಟ್ಟು ಏರಿದೆ. ಗಡಸು ಕೊಳವೆಬಾವಿ ನೀರಿಗೂ, ಮೆದು ಕಾವೇರಿ ನೀರಿಗೂ ಈ ಒಂದು ಅಂಕದ ಲೆಕ್ಕ ಹೊಂದುತ್ತದೆ, ಪಿಎಚ್‌ನ ಮೂಲ ಅಂಕಿ ಮಾತ್ರ ಬೇರೆ ಇರುತ್ತದೆ.

ಡ್ರಾಪ್ ಚೆಕರ್ ಹಸಿರಾಗಿದ್ದೂ ಹಳೆಯ ಎಲೆಗಳು ತೂತುಬಿದ್ದು ಹಳದಿಯಾಗುತ್ತಿದ್ದರೆ ದೋಷ ಬಾಟಲಿಯದಲ್ಲ, ಪೊಟ್ಯಾಷ್ ಮತ್ತು ಸಾರಜನಕದ ಕೊರತೆ. ಗ್ಯಾಸು ಕೊಟ್ಟಷ್ಟೂ ಗಿಡದ ಹಸಿವು ಹೆಚ್ಚುತ್ತದೆ.

ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಟ್ಯೂಬನ್ನು ಟ್ಯಾಂಕಿನಿಂದ ಹೊರಗೆಳೆಯಿರಿ, ಏರ್ ಪಂಪ್ ಹಾಕಿ, ಕ್ಲೋರಿನ್ ತೆಗೆದ ನೀರಿನಿಂದ ಮೂರನೆಯ ಒಂದು ಭಾಗ ಬದಲಿಸಿ. ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಉಸಿರಾಡುತ್ತವೆ. ಯೀಸ್ಟ್ ಬಳಸುವವರು ಲೈಟ್ ಆರಿದೊಡನೆ ಏರ್ ಪಂಪ್ ಓಡುವಂತೆ ಟೈಮರ್ ಹಾಕಿಕೊಳ್ಳಬೇಕು. ಹರಿಯುವ ತೊರೆಯ ಮೀನುಗಳಾದ ಡೆನಿಸನ್ ಬಾರ್ಬ್‌ನಂಥವು ಇದ್ದರಂತೂ ಇದು ಕಡ್ಡಾಯ, ಉಸಿರು ಕಟ್ಟುವುದು ಮೊದಲು ಅವಕ್ಕೇ.